‘ಅದು ಅವರವರ ಮನೆ ವಿಷಯ’ ಎಂದವರಿಗೆ ಏನು ಹೇಳಲಿ?

ಪ್ರಶ್ನೆ: ನಾನು ಹೊಸನಗರ ತಾಲ್ಲೂಕಿನ ನಿವೃತ್ತ ಶಿಕ್ಷಕ, ಈಗ ಗ್ರಾಮ ಪಂಚಾಯಿತಿ ಸದಸ್ಯ. ಕಳೆದ ಎರಡು ಮಳೆಗಾಲಗಳಲ್ಲಿ ನಮ್ಮ ಪಂಚಾಯಿತಿ ವ್ಯಾಪ್ತಿಯಲ್ಲಿ ಮೂವರು ಆತ್ಮಹತ್ಯೆಯಿಂದ ತೀರಿಕೊಂಡರು. ಒಬ್ಬರು ಅಡಿಕೆ ಬೆಳೆಗಾರರು, ಒಬ್ಬರು ಗೃಹಿಣಿ, ಇನ್ನೊಬ್ಬರು ಕೂಲಿಗೆ ಹೋಗುತ್ತಿದ್ದವರು. ಸಭೆಯಲ್ಲಿ ಮಾತೆತ್ತಿದರೆ ‘ಅದು ಅವರವರ ಮನೆ ವಿಷಯ, ಪಂಚಾಯಿತಿಗೇಕೆ’ ಎಂದರು. ಸರ್ಕಾರ ಇದನ್ನು ಸಾರ್ವಜನಿಕ ಆರೋಗ್ಯದ ಸಮಸ್ಯೆ ಎನ್ನುತ್ತದೆಯಂತೆ. ಸಾಲಕ್ಕೂ ಸಂಸಾರದ ಜಗಳಕ್ಕೂ ಆರೋಗ್ಯ ಇಲಾಖೆಗೂ ಏನು ಸಂಬಂಧ? ನಮ್ಮಂಥವರಿಂದ ಆಗುವುದೇನಾದರೂ ಇದೆಯೆ? ತೀರಿಕೊಂಡವರ ಮನೆಗೆ ಹೋಗಬೇಕೋ ಬೇಡವೋ ಎಂಬುದೂ ತಿಳಿಯದಾಗಿದೆ.

ಉತ್ತರ: ಮೇಷ್ಟ್ರೇ, ಸಾರ್ವಜನಿಕ ಆರೋಗ್ಯ ಎಂದರೇನೆಂದು ನಿಮ್ಮ ಸೀಮೆಯವರಿಗೆ ಹೊರಗಿನವರು ಬಂದು ಕಲಿಸಬೇಕಾಗಿಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಪತ್ತೆಯಾದಂದಿನಿಂದ ಮಲೆನಾಡು ಅದನ್ನು ಅಭ್ಯಾಸ ಮಾಡಿಕೊಂಡು ಬಂದಿದೆ. ತೋಟದಾಚೆ ಮಂಗ ಸತ್ತು ಬಿದ್ದಿದ್ದು ಕಂಡರೆ ದರಗು ಗುಡಿಸಲು ಹೋದ ಹೆಂಗಸೂ ಆಸ್ಪತ್ರೆಗೆ ಸುದ್ದಿ ಮುಟ್ಟಿಸುತ್ತಾಳೆ. ಸಾಗರದ ಅರಳಗೋಡಿನಲ್ಲಿ 2019ರಲ್ಲಿ ಸಾವುಗಳಾದಾಗ ‘ಕಾಡಿಗೆ ಹೋದದ್ದು ಅವರ ತಪ್ಪು, ಅವರ ಮನೆ ವಿಷಯ’ ಎಂದು ಯಾರೂ ಹೇಳಲಿಲ್ಲ. ರೋಗ ಹರಡುವ ಉಣ್ಣೆ ಹುಳು ಎಲ್ಲಿದೆ, ಯಾರ್‍ಯಾರು ಕಾಡಿಗೆ ಹೋಗುತ್ತಾರೆ, ಯಾರ ಮನೆಯಲ್ಲಿ ಜ್ವರ ಎಂದು ಊರೂರು ವಿಚಾರಿಸಿತು. ಸಾವು ಯಾವ ದಾರಿಯಲ್ಲಿ ಬರುತ್ತಿದೆ ಎಂದು ನೋಡಿ ಆ ದಾರಿಗೆ ಅಡ್ಡ ಹಾಕುವುದೇ ಸಾರ್ವಜನಿಕ ಆರೋಗ್ಯ. ನಿಮ್ಮ ಸಭೆಯಲ್ಲಿ ಇಷ್ಟನ್ನೇ ಹೇಳಿ, ಆಮೇಲೆ ಅಂಕಿಗಳನ್ನು ಮುಂದಿಡಿ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆಯಿಂದ ಸತ್ತವರು 1,70,924. ಅದೇ ವರ್ಷ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491. ಎರಡೂ ಹೆಚ್ಚು ಕಡಿಮೆ ಒಂದೇ. ಆದರೆ ರಸ್ತೆಗೆ ಉಬ್ಬು ಹಾಕಿಸಲು ಪಂಚಾಯಿತಿಗೆ ಅರ್ಜಿ ಬರುತ್ತದೆ, ಹೆಲ್ಮೆಟ್ ಹಾಕದಿದ್ದರೆ ದಂಡ ಬೀಳುತ್ತದೆ. ಈ ಇನ್ನೊಂದಕ್ಕೆ ಮಾತ್ರ ‘ಹಣೆಬರಹ’. ಕರ್ನಾಟಕದಲ್ಲಿ ಆ ವರ್ಷ 13,606 ಮಂದಿ ಹೀಗೆ ಹೋದರು. ಲಕ್ಷ ಜನರಿಗೆ ಲೆಕ್ಕ ಹಾಕಿದರೆ ದೇಶದ ಸರಾಸರಿ 12.4, ನಮ್ಮ ರಾಜ್ಯದ್ದು 20.2. ಹಿಂದಿನ ವರ್ಷ, 2021ರಲ್ಲಿ, ದೇಶದ ಸಂಖ್ಯೆ 1,64,033. ಒಂದು ಮನೆಯ ಜಗಳಕ್ಕೂ ಇನ್ನೊಂದು ಮನೆಯ ಸಾಲಕ್ಕೂ ಸಂಬಂಧವಿಲ್ಲ ಎನ್ನುವುದಾದರೆ ಈ ಸಂಖ್ಯೆ ಒಂದು ವರ್ಷ ಇಪ್ಪತ್ತು ಸಾವಿರ, ಮರುವರ್ಷ ಮೂರು ಲಕ್ಷ ಎಂದು ಕುಣಿಯಬೇಕಿತ್ತು. ಕುಣಿಯುವುದಿಲ್ಲ. ಮನೆಗಳು ಬೇರೆ ಬೇರೆಯಾದರೂ ಅವುಗಳ ಮೇಲೆ ಸುರಿಯುತ್ತಿರುವ ಮಳೆ ಒಂದೇ ಎಂದಂತಾಯಿತು.

ಇನ್ನು ‘ಕಾರಣ’. ಇಲ್ಲಿ ನನಗೆ ಸ್ವಲ್ಪ ಸಿಟ್ಟಿದೆ. ನಮ್ಮ ಪತ್ರಿಕೆ ಓದುವವರಿಗೆಲ್ಲ ಕಂಠಪಾಠವಾಗಿರುವ ಒಂದು ವಾಕ್ಯವಿದೆ: ‘ಹೊಟ್ಟೆನೋವು ತಾಳಲಾರದೆ’. ನಾನು ವೈದ್ಯನಾದ ಹೊಸದರಲ್ಲಿ ಈ ರಾಜ್ಯದ ಜನಕ್ಕೆ ಅದೆಂಥ ಹೊಟ್ಟೆನೋವು ಎಂದು ನಿಜಕ್ಕೂ ಬೆರಗಾಗಿದ್ದೆ. ಆಮೇಲೆ ತಿಳಿಯಿತು. ಅಸ್ವಾಭಾವಿಕ ಮರಣವೆಂದು ಠಾಣೆಯಲ್ಲಿ ಪ್ರಕರಣ ದಾಖಲಾಗುವಾಗ ದೂರು ಕೊಡುವ ಅಣ್ಣನೋ ಮಾವನೋ ಏನಾದರೊಂದು ಹೇಳಬೇಕು. ಮನೆಯ ಮಾನ ಹೋಗದ, ಯಾರ ಮೇಲೂ ಅನುಮಾನ ಬಾರದ, ಮಹಜರು ಬೇಗ ಮುಗಿದು ಸಂಜೆಯೊಳಗೆ ದೇಹ ಮನೆಗೆ ಬರುವಂಥ ಮಾತು ಯಾವುದು? ಹೊಟ್ಟೆನೋವು. ಅದೇ ಕಡತಕ್ಕೆ ಹೋಗುತ್ತದೆ, ಕಡತದಿಂದ ದಿಲ್ಲಿಯ ಕೋಷ್ಟಕಕ್ಕೆ. 2022ರ ಕೋಷ್ಟಕದಲ್ಲಿ ಕೌಟುಂಬಿಕ ಸಮಸ್ಯೆ ಶೇ 31.7, ಕಾಯಿಲೆ ಶೇ 18.4, ಸಾಲ ಮತ್ತು ದಿವಾಳಿ ಶೇ 4.1. ಒಬ್ಬ ಮನುಷ್ಯನಿಗೆ ಒಂದೇ ಕಾರಣ, ಒಂದೇ ಕಲಮು. ಸಾಲ ತೀರಿಸಲಾಗದೆ ಕುಡಿಯಲು ಶುರುಮಾಡಿ, ಕುಡಿತದಿಂದ ಮನೆಯಲ್ಲಿ ಜಗಳವಾಗಿ, ತಿಂಗಳುಗಟ್ಟಲೆ ನಿದ್ದೆಯಿಲ್ಲದೆ ಕೊರಗಿದವನನ್ನು ಯಾವ ಕಲಮಿಗೆ ಹಾಕುತ್ತೀರಿ? ಸಂಖ್ಯೆಯೇ ಪೂರ್ತಿಯಲ್ಲ ಎಂಬುದೂ ಗೊತ್ತಿರಲಿ. 2010ಕ್ಕೆ ಪೊಲೀಸ್ ಲೆಕ್ಕ ಸುಮಾರು 1,34,600 ಇದ್ದಾಗ, ಮನೆಮನೆಗೆ ಹೋಗಿ ಸಾವಿನ ಕಾರಣ ವಿಚಾರಿಸಿದ ದೊಡ್ಡ ಸಮೀಕ್ಷೆಯೊಂದರ ಅಂದಾಜು 1,87,000 ಇತ್ತು.

ಆದರೂ ಕೋಷ್ಟಕದಿಂದ ಕಲಿಯುವುದಿದೆ. ಸತ್ತವರಲ್ಲಿ ಹತ್ತಕ್ಕೆ ಏಳು ಮಂದಿ ಗಂಡಸರು. ಕಾಲು ಭಾಗಕ್ಕಿಂತ ಹೆಚ್ಚು, ಶೇ 26.4ರಷ್ಟು, ದಿನಗೂಲಿಯವರು. ಗೃಹಿಣಿಯರು 25,309. ರಾಜ್ಯದಲ್ಲಿ ಕೃಷಿಕರು ಮತ್ತು ಕೃಷಿ ಕಾರ್ಮಿಕರು ಸೇರಿ 2,392, ಎಂದರೆ ಒಟ್ಟಿನಲ್ಲಿ ಆರರಲ್ಲಿ ಒಬ್ಬರಿಗಿಂತ ತುಸು ಹೆಚ್ಚು. ರೈತರ ಸಾವಿಗೆ 5 ಲಕ್ಷ ರೂಪಾಯಿ ಪರಿಹಾರವಿದೆ, ಶಾಸಕರ ಭೇಟಿಯಿದೆ, ಫೋಟೊ ಇದೆ. ಬೇಡವೆನ್ನುವುದಿಲ್ಲ, ಬೇಕೇ ಬೇಕು. ಆದರೆ ನಿಮ್ಮ ಪತ್ರದ ಮೂವರಲ್ಲಿ ಬೆಳೆಗಾರರ ಹೆಸರು ಊರಿನ ಬಾಯಲ್ಲಿ ಉಳಿದು, ಉಳಿದಿಬ್ಬರ ಹೆಸರು ಇಷ್ಟರಲ್ಲೇ ಮಾಸಿರಬೇಕು ಎಂದು ನನ್ನ ಊಹೆ. ಪಹಣಿ ಇಲ್ಲದವರ ಸಾವಿಗೆ ಕಡತವೂ ತೆಳ್ಳಗೆ.

ಹಾಗಾದರೆ ಸಾಲ ಕಾರಣವಲ್ಲವೇ? ಕಾರಣವೇ ಹೌದು, ಆದರೆ ಒಂಟಿಯಾಗಿ ಅಲ್ಲ. ಅಡಿಕೆಯ ಕೊಳೆ ರೋಗ ಮಲೆನಾಡಿಗೆ ಹಳೆಯ ನೆಂಟ. ಈಗ ಅದರ ಜೊತೆಗೆ ಎಲೆಚುಕ್ಕೆ ರೋಗವೂ ಬಂದು ತೀರ್ಥಹಳ್ಳಿ, ಹೊಸನಗರ, ಶೃಂಗೇರಿ, ಕೊಪ್ಪದ ತೋಟಗಳು ಸೊರಗಿವೆ. ಇಪ್ಪತ್ತು ವರ್ಷ ಸಾಕಿದ ಮರ ಕಣ್ಣೆದುರು ಒಣಗುವುದು ಒಂದು ವರ್ಷದ ಬೆಳೆ ಹೋದ ಹಾಗಲ್ಲ. ಸೊಸೈಟಿ ಸಾಲ, ಅದರ ಮೇಲೆ ಚಿನ್ನದ ಸಾಲ, ಅದರ ಮೇಲೆ ವಾರದ ಕಂತು. ಮೈಕ್ರೊ ಫೈನಾನ್ಸ್ ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ಹೊರಡಿಸಬೇಕಾಗಿ ಬಂದದ್ದು ನಿಮಗೆ ಗೊತ್ತೇ ಇದೆ. ಅದೂ ಒಂದು ಆರೋಗ್ಯ ಕಾರ್ಯಕ್ರಮ ಎಂದೇ ನಾನು ಲೆಕ್ಕ ಹಿಡಿಯುತ್ತೇನೆ.

ಆದರೆ ಇದೇ ಸಾಲ, ಇದೇ ರೋಗ ಪಕ್ಕದ ಹತ್ತು ಮನೆಗಳಲ್ಲೂ ಇದೆ. ಅವರು ಬದುಕಿದ್ದಾರೆ. ವ್ಯತ್ಯಾಸ ಬೇರೆ ಎಳೆಗಳಲ್ಲಿದೆ. ಯಾರೂ ಗುರುತಿಸದ ಖಿನ್ನತೆ, ಕುಡಿತ, ‘ಮರ್ಯಾದೆ ಹೋಯಿತು’ ಎಂಬ ಭಾವ, ಒಂಟಿತನ. ಮಲೆನಾಡಿನ ಒಂಟಿತನವನ್ನು ಬಯಲುಸೀಮೆಯವರಿಗೆ ವಿವರಿಸುವುದು ಕಷ್ಟ. ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಒಂದು ತೋಟ, ಒಂದು ಹಳ್ಳ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಡಿಮಳೆ, ಕರೆಂಟು ಇಲ್ಲ, ಮೊಬೈಲ್‌ಗೆ ಸಿಗ್ನಲ್ ಇಲ್ಲ. ಮಕ್ಕಳು ಬೆಂಗಳೂರಿನಲ್ಲಿ. ನಲವತ್ತು ದಾಟಿದರೂ ಹೆಣ್ಣು ಸಿಗದ ಮಗ, ಎಪ್ಪತ್ತು ದಾಟಿದ ತಾಯಿ, ಇಬ್ಬರೇ ಇರುವ ದೊಡ್ಡ ಮನೆಗಳು ನಿಮ್ಮ ಪಂಚಾಯಿತಿಯಲ್ಲೇ ಎಷ್ಟಿವೆ ಎಂದು ಎಣಿಸಿ ನೋಡಿ. ಈ ಎಲ್ಲ ಎಳೆಗಳೂ ಸೇರಿ ಹಗ್ಗವಾಗಬೇಕಾದರೆ ಕೊನೆಗೆ ಇನ್ನೆರಡು ಬೇಕು: ಕೈಗೆಟಕುವ ಸಾಧನ, ಮತ್ತು ಯಾರೂ ಹತ್ತಿರವಿಲ್ಲದ ಒಂದು ಗಳಿಗೆ. ಎಲ್ಲ ಎಳೆಗಳನ್ನೂ ಬಿಡಿಸಬೇಕಾಗಿಲ್ಲ, ಮೇಷ್ಟ್ರೇ. ಒಂದನ್ನು ಕತ್ತರಿಸಿದರೂ ಹಗ್ಗ ಸಡಿಲುತ್ತದೆ. ನಾನು ಹೇಳಬೇಕೆಂದಿರುವುದೆಲ್ಲ ಇಷ್ಟೇ.

ಸಾಧನದ ಮಾತಿಗೆ ಮೊದಲು ಬರುತ್ತೇನೆ, ಏಕೆಂದರೆ ಜಗತ್ತಿನಲ್ಲಿ ಅತಿ ಗಟ್ಟಿಯಾದ ಪುರಾವೆ ಇರುವುದು ಅಲ್ಲೇ. ಶ್ರೀಲಂಕಾದಲ್ಲಿ 1995ರ ಹೊತ್ತಿಗೆ ಲಕ್ಷಕ್ಕೆ ಸುಮಾರು 47 ಮಂದಿ ಆತ್ಮಹತ್ಯೆಯಿಂದ ಸಾಯುತ್ತಿದ್ದರು. ಅಲ್ಲಿನ ಸರ್ಕಾರ ಅತಿ ವಿಷಕಾರಿ ಕೃಷಿ ರಾಸಾಯನಿಕಗಳನ್ನು ಒಂದೊಂದಾಗಿ ನಿಷೇಧಿಸುತ್ತ ಹೋಯಿತು. ಎರಡು ದಶಕಗಳಲ್ಲಿ ಆ ಪ್ರಮಾಣ ಶೇ 70ರಷ್ಟು ಇಳಿಯಿತು. ಬಡತನ ಹೋಗಿರಲಿಲ್ಲ, ಆಂತರಿಕ ಯುದ್ಧವೂ ಬಹುಕಾಲ ನಡೆದೇ ಇತ್ತು, ಮನೆಗಳಲ್ಲಿ ಜಗಳಗಳೂ ಇದ್ದವು. ಬೆಳೆಯ ಇಳುವರಿಯೂ ಕುಸಿಯಲಿಲ್ಲ. ಸಾಯಬೇಕೆನ್ನುವ ಆವೇಗ ಅನೇಕರಲ್ಲಿ ಕೆಲವೇ ನಿಮಿಷ, ಕೆಲವೇ ಗಂಟೆಗಳದ್ದು. ಅದು ದಾಟುವವರೆಗೆ ಮಾರಕವಾದದ್ದು ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ. ಹೀಗೆ ಉಳಿದವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಮುಂದೆ ಆತ್ಮಹತ್ಯೆಯಿಂದ ಸಾಯುವುದಿಲ್ಲ. ‘ಸಾಯಬೇಕೆಂದವನನ್ನು ಯಾರು ತಡೆಯಲಾದೀತು’ ಎಂಬ ಮಾತು ನಿಮ್ಮ ಸಭೆಯಲ್ಲೂ ಬಂದೇ ಬರುತ್ತದೆ. ಆಗ ಈ ಲೆಕ್ಕ ಹೇಳಿ.

ನಮ್ಮ ಭಾಷೆಯಲ್ಲಿ ಇದಕ್ಕೊಂದು ವಿಚಿತ್ರ ತೊಡಕಿದೆ. ತೋಟಕ್ಕೆ ಹೊಡೆಯುವ ವಿಷವನ್ನು ನಾವು ‘ಔಷಧಿ’ ಎನ್ನುತ್ತೇವೆ. ಔಷಧಿ ಎಂದಮೇಲೆ ಅದು ಕೊಟ್ಟಿಗೆಯ ಮಾಡಿನಲ್ಲೋ ಬಚ್ಚಲಿನ ಗೂಡಿನಲ್ಲೋ, ಸೀಗೆಪುಡಿಯ ಪಕ್ಕ, ಅರ್ಧ ಉಳಿದ ಬಾಟಲಿಯಾಗಿ ವರ್ಷಗಟ್ಟಲೆ ಕುಳಿತಿರುತ್ತದೆ. ಮನೆಮನೆಗೂ ಬೀಗದ ಪೆಟ್ಟಿಗೆ ಹಂಚೋಣವೇ ಎಂದು ನೀವು ಕೇಳಬಹುದು. ಶ್ರೀಲಂಕಾದಲ್ಲೇ 180 ಹಳ್ಳಿಗಳಲ್ಲಿ ಅದನ್ನು ಪರೀಕ್ಷಿಸಿದರು. 2017ರಲ್ಲಿ ಫಲಿತಾಂಶ ಬಂತು: ಪೆಟ್ಟಿಗೆಯಿಂದ ಪ್ರಯೋಜನ ಕಾಣಲಿಲ್ಲ. ಬೀಗದ ಕೈ ಎಲ್ಲಿದೆ ಎಂದು ಮನೆಯವರಿಗೆಲ್ಲ ಗೊತ್ತಿರುತ್ತದಲ್ಲ! ಆದ್ದರಿಂದ ಪೆಟ್ಟಿಗೆಗೆ ಹಣ ಸುರಿಯಬೇಡಿ. ಬೇಕಾದಷ್ಟೇ ಕೊಳ್ಳುವುದು, ಉಳಿದದ್ದನ್ನು ಮನೆಯಲ್ಲಿ ಇಡದಿರುವುದು, ನಾಲ್ಕೈದು ಮನೆಗಳದ್ದು ಸೇರಿಸಿ ವಾಸದ ಮನೆಯಿಂದ ದೂರ ಒಬ್ಬರ ಜವಾಬ್ದಾರಿಯಲ್ಲಿ ಇಡುವುದು, ಇಷ್ಟು ನಿಮ್ಮ ಕೈಯಲ್ಲಿದೆ. ತಮಿಳುನಾಡಿನ ಕಾಟ್ಟುಮನ್ನಾರ್‌ಕೋಯಿಲ್ ಬಳಿ ಊರಿಗೊಂದು ಸಾಮೂಹಿಕ ಉಗ್ರಾಣ ಮಾಡಿ ನೋಡಿದ್ದಾರೆ, ಭರವಸೆ ಹುಟ್ಟಿಸುವ ಪ್ರಯತ್ನ. ಒಂದು ಮನೆಯಲ್ಲಿ ಒಬ್ಬರ ಬಗ್ಗೆ ಈಗಾಗಲೇ ಆತಂಕವಿದ್ದರೆ ಮಾತ್ರ ಯೋಚಿಸುತ್ತ ಕೂರಬೇಡಿ. ಇಂದೇ ಆ ಮನೆಯಿಂದ ಅಂಥದ್ದನ್ನೆಲ್ಲ ಸಾಗಿಸಿ ನೆಂಟರ ಮನೆಯಲ್ಲಿಡಿಸಿ.

ಎರಡನೆಯದು ನನ್ನದೇ ತಪ್ಪಿನಿಂದ ಕಲಿತ ಪಾಠ. ಬಹಳ ವರ್ಷಗಳ ಹಿಂದೆ ನಾನು ಕೆಲಸ ಮಾಡುತ್ತಿದ್ದ ಆಸ್ಪತ್ರೆಯಲ್ಲಿ, ಸಾಯಲು ಯತ್ನಿಸಿ ದಾಖಲಾಗಿದ್ದ ಒಬ್ಬ ಹೆಣ್ಣುಮಗಳು ಆರು ದಿನಕ್ಕೆ ಚೇತರಿಸಿಕೊಂಡಳು. ಬಿಡುಗಡೆಯ ಚೀಟಿಯ ಕೊನೆಯ ಸಾಲಿನಲ್ಲಿ ಮನೋವೈದ್ಯರನ್ನು ಕಾಣಬೇಕೆಂದು ನನ್ನ ಅವಸರದ ಇಂಗ್ಲಿಷ್‌ನಲ್ಲಿ ಗೀಚಿ ಕಳುಹಿಸಿದೆ. ಐದು ತಿಂಗಳಿಗೆ ಅವಳನ್ನು ಮತ್ತೆ ಹೊತ್ತು ತಂದರು. ಹಳೆಯ ಚೀಟಿ ಇದೆಯೇ ಎಂದು ಕೇಳಿದಾಗ ಗಂಡ ಅಂಗಿಯ ಜೇಬಿನಿಂದ ಪ್ಲಾಸ್ಟಿಕ್ ಕವರ್ ತೆಗೆದ. ಪಡಿತರ ಚೀಟಿ, ಯಶಸ್ವಿನಿ ಕಾರ್ಡು, ಅವುಗಳ ನಡುವೆ ನನ್ನ ಚೀಟಿ. ಮಡಿಕೆ ಕೂಡ ಹಾಳಾಗದಂತೆ ಜೋಪಾನ ಮಾಡಿದ್ದ. ಅದರಲ್ಲಿ ಏನು ಬರೆದಿದೆ ಎಂದು ಮಾತ್ರ ಅವನಿಗೆ ಯಾರೂ ಓದಿ ಹೇಳಿರಲಿಲ್ಲ. ಆ ಸಲವೂ ಅವಳು ಉಳಿದಳು. ಈ ಬಾರಿ ಊರಿನ ದಾದಿಗೆ ನಾನೇ ಹೇಳಿ ಕಳುಹಿಸಿದೆ. ಆಕೆ ವಾರ ವಾರ ಆ ಮನೆಗೆ ಹೋಗಿ ಹತ್ತು ನಿಮಿಷ ಕೂತು ಬರುತ್ತಿದ್ದರು. ಮಾಡಿದ್ದು ಅಷ್ಟೇ. ಮೂರನೆಯ ಸಲ ಆ ಹೆಣ್ಣುಮಗಳು ಆಸ್ಪತ್ರೆಗೆ ಬಂದದ್ದು ಹೆರಿಗೆಗೆ.

ಒಬ್ಬಳ ಕಥೆಯಿಂದ ಏನೂ ಸಿದ್ಧವಾಗುವುದಿಲ್ಲ, ಒಪ್ಪುತ್ತೇನೆ. ಆದರೆ ವಿಶ್ವ ಆರೋಗ್ಯ ಸಂಸ್ಥೆ ಚೆನ್ನೈ, ಕೊಲಂಬೊ ಸೇರಿ ಐದು ದೇಶಗಳ ಐದು ಕಡೆ 1,867 ಮಂದಿಯ ಮೇಲೆ ಇದನ್ನೇ ಪರೀಕ್ಷಿಸಿತು. ಎಲ್ಲರೂ ಆತ್ಮಹತ್ಯೆಗೆ ಯತ್ನಿಸಿ ಉಳಿದವರು. ಅರ್ಧದಷ್ಟು ಜನಕ್ಕೆ ಮಾಮೂಲಿ ಚಿಕಿತ್ಸೆ. ಉಳಿದರ್ಧಕ್ಕೆ ಮನೆಗೆ ಹೋಗುವ ಮುನ್ನ ಒಂದು ಗಂಟೆಯ ಮಾತುಕತೆ, ಆಮೇಲೆ 18 ತಿಂಗಳಲ್ಲಿ ಒಂಬತ್ತು ಬಾರಿ ಫೋನ್ ಅಥವಾ ಭೇಟಿ. ‘ಹೇಗಿದ್ದೀರಿ, ಏನಾದರೂ ಬೇಕೇ’ ಎಂಬಷ್ಟೇ ವಿಚಾರಣೆ. ಮೊದಲ ಗುಂಪಿನಲ್ಲಿ ಶೇ 2.2ರಷ್ಟು ಮಂದಿ ಆತ್ಮಹತ್ಯೆಯಿಂದ ಸತ್ತರೆ ಎರಡನೆಯದರಲ್ಲಿ ಶೇ 0.2. ಹಿಂದೊಮ್ಮೆ ಯತ್ನಿಸಿರುವುದೇ ಮುಂದಿನ ಅಪಾಯದ ಅತಿ ದೊಡ್ಡ ಗುರುತು. ನಿಮ್ಮ ಪಂಚಾಯಿತಿಯಲ್ಲಿ ಅಂಥವರು ಯಾರೆಂದು ಆಶಾ ಕಾರ್ಯಕರ್ತೆಗೆ ಗೊತ್ತಿರುತ್ತದೆ. ಪಟ್ಟಿ ಬರೆದು ನೋಟಿಸ್ ಬೋರ್ಡಿಗೆ ಅಂಟಿಸಬೇಡಿ, ಮಹರಾಯರೇ. ಆಶಾ, ಉಪಕೇಂದ್ರದ ಸಮುದಾಯ ಆರೋಗ್ಯಾಧಿಕಾರಿ, ಇವರಿಬ್ಬರ ತಲೆಯಲ್ಲಿ ಇದ್ದರೆ ಸಾಕು. ಒಂಬತ್ತು ಬಾರಿ ಹೋಗಿ ಬರಲು ಅವರಿಗೆ ಬೆಂಬಲವಾಗಿ ನಿಲ್ಲಿ. ಮಳೆಗಾಲದಲ್ಲಿ ಅವರಿಗೊಂದು ಜೀಪಿನ ವ್ಯವಸ್ಥೆ ಮಾಡಿಕೊಟ್ಟರೂ ಪಂಚಾಯಿತಿ ಜೀವ ಉಳಿಸಿದಂತೆಯೇ.

ಯಾರಾದರೂ ‘ಸಾಕಾಗಿದೆ’, ‘ನಾನಿಲ್ಲದಿದ್ದರೆ ನೀವೆಲ್ಲ ನೆಮ್ಮದಿಯಾಗಿರುತ್ತೀರಿ’, ‘ಯಾರಿಗೂ ಭಾರವಾಗಬಾರದು’ ಎನ್ನತೊಡಗಿದರೆ, ಊಟ ನಿದ್ದೆ ಬಿಟ್ಟರೆ, ಇದ್ದಕ್ಕಿದ್ದಂತೆ ಲೆಕ್ಕಪತ್ರ ಚುಕ್ತಾ ಮಾಡಿ ಇಷ್ಟದ ವಸ್ತುಗಳನ್ನು ಕೊಟ್ಟುಬಿಡತೊಡಗಿದರೆ, ಕೇಳಿಬಿಡಿ. ಸುತ್ತಿ ಬಳಸಿ ಅಲ್ಲ, ನೇರವಾಗಿ: ‘ಸಾಯಬೇಕು ಎಂಬ ಯೋಚನೆ ಬರುತ್ತಿದೆಯೇ?’ ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಎಂಬುದು ಸುಳ್ಳು. ಕೇಳಿದ ಕೂಡಲೇ ಹಲವರು ಅಳುತ್ತಾರೆ, ಎಷ್ಟೋ ದಿನದಿಂದ ಹೊತ್ತ ಹೊರೆಯನ್ನು ಇಳಿಸಿದ ಹಾಗೆ. ‘ಧೈರ್ಯವಾಗಿರು’, ‘ಹೆಂಡತಿ ಮಕ್ಕಳ ಮುಖ ನೋಡು’ ಎಂಬ ಉಪದೇಶ ಆಗ ಬೇಡ. ಸುಮ್ಮನೆ ಕೂತು ಕೇಳಿ, ಒಬ್ಬರನ್ನೇ ಬಿಟ್ಟು ಬರಬೇಡಿ, ಅಲ್ಲಿಂದಲೇ 14416ಕ್ಕೆ ಕರೆ ಮಾಡಿ. ಅದು ಟೆಲಿ ಮನಸ್. 2022ರ ಅಕ್ಟೋಬರ್ 10ರಂದು ಶುರುವಾದದ್ದು, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತನಾಡುತ್ತಾರೆ. ಇದನ್ನು ಓದುತ್ತಿರುವ ಯಾರಿಗಾದರೂ ಸ್ವತಃ ಹಾಗೆ ಅನ್ನಿಸುತ್ತಿದ್ದರೆ, ಇಲ್ಲಿಗೇ ಓದು ನಿಲ್ಲಿಸಿ ಆ ಸಂಖ್ಯೆಗೆ ಫೋನ್ ಮಾಡಿ, ಅಥವಾ ಪಕ್ಕದಲ್ಲಿರುವವರನ್ನು ಕರೆದು ಹೇಳಿ.

ನಿಟ್ಟೂರಿನಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಬಸ್ಸಿನಲ್ಲಿ ಹೋಗಿ ಬಂದರೆ ಒಂದು ದಿನದ ಕೂಲಿ ಹೋಗುತ್ತದೆ, ಬಲ್ಲೆ. ಅದಕ್ಕೇ ಮಂಗಳವಾರದ ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೇ ಬರುವ ವ್ಯವಸ್ಥೆ ಮಾಡಿರುವುದು. ದಿನ ವಿಚಾರಿಸಿಕೊಂಡು ಹೋಗಿ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ನಮ್ಮದೇ ಬಳ್ಳಾರಿಯಲ್ಲಿ ನಿಮ್ಹಾನ್ಸ್ ಎಂಬತ್ತರ ದಶಕದಲ್ಲಿ ಮಾಡಿದ ಪ್ರಯೋಗ. ಶಿವಮೊಗ್ಗದಲ್ಲಂತೂ ಡಾ. ಕೆ. ಎ. ಅಶೋಕ್ ಪೈ ಅಂಥವರು ಮನೋರೋಗದ ಬಗ್ಗೆ ಕನ್ನಡದಲ್ಲಿ ಬರೆದು, ಮಾತನಾಡಿ, ನಾಚಿಕೆಯನ್ನು ಸಾಕಷ್ಟು ಕಳೆದಿದ್ದಾರೆ. ಹಾಗಿದ್ದೂ ‘ಮಂಡೆ ಸರಿ ಇಲ್ಲದವರ ಡಾಕ್ಟರು’ ಎಂಬ ಮಾತು ಇನ್ನೂ ಹೋಗಿಲ್ಲ.

ಪೊಲೀಸ್ ಭಯಕ್ಕೆ ಒಂದು ಮಾತು. ಯತ್ನಿಸಿ ಉಳಿದವರನ್ನು ಜೈಲಿಗೆ ಹಾಕುತ್ತಾರೆಂದು ಹೆದರಿ ‘ಅಕಸ್ಮಾತ್ ಆಯಿತು’ ಎಂದು ವೈದ್ಯರಿಗೂ ಸುಳ್ಳು ಹೇಳುತ್ತಾರೆ, ಚಿಕಿತ್ಸೆ ತಡವಾಗುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಮು, ಹಾಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸಬಾರದು, ಅವರಿಗೆ ಆರೈಕೆ ಒದಗಿಸುವುದು ಸರ್ಕಾರದ ಕರ್ತವ್ಯ ಎನ್ನುತ್ತದೆ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಯತ್ನವನ್ನೇ ಅಪರಾಧ ಎನ್ನುತ್ತಿದ್ದ ಹಳೆಯ ದಂಡ ಸಂಹಿತೆಯ 309ನೇ ಕಲಮೇ ಇಲ್ಲ. ಸರ್ಕಾರಿ ನೌಕರರ ಕರ್ತವ್ಯಕ್ಕೆ ಅಡ್ಡಿಪಡಿಸಲೆಂದೇ ಯತ್ನಿಸಿದರೆ ಮಾತ್ರ ಅಪರಾಧ. ಆಸ್ಪತ್ರೆಯವರು ಠಾಣೆಗೆ ತಿಳಿಸುವುದು ಈಗಲೂ ಇದೆ, ಅದಕ್ಕೆ ಹೆದರಬೇಕಾಗಿಲ್ಲ.

ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಪಂಚಾಯಿತಿ ಸದಸ್ಯರಾಗಿ ನೀವೇ ಒಂದು ಕಟ್ಟುನಿಟ್ಟು ಮಾಡಿ: ಸತ್ತವರ ಫೋಟೊ, ಹೇಗೆ ಸತ್ತರೆಂಬ ವಿವರ, ಬರೆದಿಟ್ಟ ಪತ್ರ, ಯಾವುದೂ ಹರಿದಾಡಬಾರದು. ಅಂಥ ವಿವರ ಇನ್ನೊಬ್ಬ ನೊಂದವರಿಗೆ ದಾರಿಯಾಗುತ್ತದೆ. ವಿಯೆನ್ನಾದಲ್ಲಿ 1987ರಲ್ಲಿ ಪತ್ರಿಕೆಗಳು ಸುರಂಗ ರೈಲಿನ ಸಾವುಗಳನ್ನು ರೋಚಕವಾಗಿ ಬರೆಯುವುದನ್ನು ಬಿಟ್ಟಾಗ ಆ ಸಾವುಗಳೇ ಇಳಿದವು. ಭಾರತೀಯ ಪತ್ರಿಕಾ ಮಂಡಳಿಯೂ 2019ರಲ್ಲಿ ಮಾರ್ಗಸೂಚಿ ಒಪ್ಪಿಕೊಂಡಿದೆ. ಆದರೂ ‘ಸಾವಿಗೆ ಶರಣು’ ಎಂಬ ಶೀರ್ಷಿಕೆ ನಿಂತಿಲ್ಲ. ನಾವು ಶರಣಾಗುವುದು ದೇವರಿಗೆ. ಆ ಮಾತನ್ನು ಸಾವಿಗೆ ಕೊಟ್ಟವರು ಯಾರೋ!

ಪರೀಕ್ಷೆಯ ಫಲಿತಾಂಶದ ದಿನಗಳ ಬಗ್ಗೆ ನಿಮಗೆ ನಾನು ಹೇಳುವುದೇನಿದೆ, ಮೂವತ್ತು ವರ್ಷ ಕಂಡವರು. ಎಸ್ಸೆಸ್ಸೆಲ್ಸಿ, ಪಿಯುಸಿಗೆ 2024ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆ ಬಂದದ್ದನ್ನು ಹಲವರು ಟೀಕಿಸಿದರು. ನನಗೆ ಅದರಲ್ಲಿ ಕಂಡದ್ದು, ‘ಎಲ್ಲ ಮುಗಿಯಿತು’ ಎನ್ನುವ ದಿನವೊಂದು ಕಡಿಮೆಯಾಯಿತು ಎಂಬುದು.

ಕೇಂದ್ರ ಸರ್ಕಾರ 2022ರ ನವೆಂಬರ್‌ನಲ್ಲಿ ಪ್ರಕಟಿಸಿದ ರಾಷ್ಟ್ರೀಯ ಆತ್ಮಹತ್ಯೆ ತಡೆ ಕಾರ್ಯತಂತ್ರದ ಗುರಿ 2030ರೊಳಗೆ ಈ ಸಾವುಗಳನ್ನು ಶೇ 10ರಷ್ಟು ಇಳಿಸುವುದು. ನನಗೆ ಅದು ಜಿಪುಣ ಗುರಿ ಎನಿಸುತ್ತದೆ. ಇರಲಿ, ಅದರ ಪ್ರತಿಯೊಂದನ್ನು ಸಭೆಯ ಮೇಜಿನ ಮೇಲಿಟ್ಟರೆ ‘ಪಂಚಾಯಿತಿಗೇಕೆ’ ಎಂದವರು ಸ್ವಲ್ಪ ಮೆತ್ತಗಾಗುತ್ತಾರೆ.

ಕೊನೆಯ ಪ್ರಶ್ನೆ, ಆ ಮನೆಗಳಿಗೆ ಹೋಗಬೇಕೇ ಎಂದು. ಹೋಗಿ. ವೈಕುಂಠ ಸಮಾರಾಧನೆಯ ದಿನ ಎಲ್ಲರೂ ಹೋಗಿರುತ್ತಾರೆ, ಅದಾದ ಮೇಲೆ ಅಂಗಳ ಹಾಳು ಬಿದ್ದಂತಿರುತ್ತದೆ. ಆಗ ಹೋಗಿ. ಮೂರು ಮನೆಗೂ ಹೋಗಿ, ಬೆಳೆಗಾರರ ಮನೆಗೆ ಮಾತ್ರವಲ್ಲ. ‘ಏಕೆ ಹೀಗೆ ಮಾಡಿಕೊಂಡರು, ನಿಮಗೆ ಮೊದಲೇ ಗೊತ್ತಾಗಲಿಲ್ಲವೇ’ ಎಂದು ಕೇಳಬೇಡಿ, ಆ ಪ್ರಶ್ನೆಯನ್ನು ಅವರು ದಿನಕ್ಕೆ ನೂರು ಬಾರಿ ತಮಗೆ ತಾವೇ ಕೇಳಿಕೊಳ್ಳುತ್ತಿರುತ್ತಾರೆ. ಸತ್ತವರ ಹೆಸರು ಹಿಡಿದು ಮಾತನಾಡಿ, ಅವರು ಬದುಕಿದ್ದಾಗಿನ ಸಂಗತಿ ಏನಾದರೂ ನೆನಪಿದ್ದರೆ ಹೇಳಿ. ನಿಮ್ಮ ಶಾಲೆಯಲ್ಲೇ ಕಲಿತವರಿರಬಹುದು. ಪರಿಹಾರದ ಅರ್ಜಿ, ವಿಧವಾ ವೇತನ, ಸೊಸೈಟಿಯ ಕಾಗದ, ಇವುಗಳಲ್ಲಿ ನಿಮ್ಮ ಕೈಬರಹಕ್ಕೆ ಕೆಲಸವಿದೆ. ಬೆಳೆಗಾರರ ಹೆಂಡತಿಯನ್ನು ಈ ಸಲ ಅಡಿಕೆಯ ಕೊನೆಕೊಯ್ಲಿಗೆ ಯಾರು ಬರುತ್ತಾರೆಂದು ಕೇಳಿ. ಕೊನೆಗಾರ ಸಿಕ್ಕಿಲ್ಲವೆಂದರೆ, ನಿಮ್ಮ ತೋಟಕ್ಕೆ ಬರುವವನನ್ನೇ ಒಂದು ದಿನ ಮೊದಲು ಅಲ್ಲಿಗೆ ಕಳುಹಿಸಿ.